ನಾನು ನೋಡದ ನನ್ನ ಎದೆಯ ಫೋಟೋ

ದೀಪ ಹಚ್ಚುವ ಹೊತ್ತಿಗೆ ಮೈ ಬಿಸಿಯಾಗುತ್ತಿತ್ತು. ಹೇಳಿಕಳಿಸಿದ ನೆಂಟನ ಹಾಗೆ ಜ್ವರ ದಿನಾ ಬರುವುದು, ಬೆಳಗಾಗುವಾಗ ಬೆವರಿಳಿಸಿ ಹೋಗುವುದು. ಜೊತೆಗೆ ಒಣಕೆಮ್ಮು. ಅಜ್ಜಾವರದ ನಮ್ಮ ಮನೆಯಲ್ಲಿ ಕೆಮ್ಮಿಗೆಲ್ಲ ಹೆದರಿದವರಿಲ್ಲ. ಅತ್ತೆ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು. ಕುಡಿದು ಕುಡಿದು ನಾಲಗೆ ಸುಟ್ಟಿತೇ ಹೊರತು ಕೆಮ್ಮು ಜಗ್ಗಲಿಲ್ಲ. ರವಿಕೆ ಸಡಿಲವಾಗುತ್ತಾ ಬಂತು.

ನನ್ನ ಗಂಡ ಬಸ್ಸಿನಲ್ಲಿ ಕಂಡಕ್ಟರ್. ಸುಳ್ಯದಿಂದ ಪುತ್ತೂರಿಗೆ ಹೋಗುವ ಸುದ್ದಿಗಳೆಲ್ಲ ಅವರ ಬಸ್ಸು ಹತ್ತಿಯೇ ಹೋಗುವುದು. ಒಂದು ಸಂಜೆ ಬಂದವರೇ, "ನಾಳೆ ಪುತ್ತೂರಿಗೆ ಹೋಗುವ. ಅಲ್ಲಿ ಆಸ್ಪತ್ರೆಗೆ ಹೊಸ ಮಿಷನ್ ಬಂದದ್ದುಂಟು. ಎದೆಯ ಫೋಟೋ ತೆಗೀತಾರಂತೆ," ಎಂದರು.

ಫೋಟೋ ಎಂದ ಮೇಲೆ ಕೇಳಬೇಕೇ? ನಮ್ಮ ಮದುವೆಯಲ್ಲೂ ಫೋಟೋ ತೆಗೆದವರಿಲ್ಲ. ಧಾರೆಸೀರೆ ಉಟ್ಟೆ. ಮುಖಕ್ಕೆ ಪೌಡರ್ ಹಚ್ಚಿ, ಅಬ್ಬಲಿಗೆ ಮುಡಿದೆ. ಬೆಂಡೋಲೆ, ಬಳೆ, ಇದ್ದದ್ದನ್ನೆಲ್ಲ ಹಾಕಿಕೊಂಡು, ಮಗಳು ಜಾನುವಿಗೂ ಹೊಸ ಲಂಗ ತೊಡಿಸಿದೆ. ಆಗ ಅವಳಿಗೆ ಮೂರು ವರ್ಷ. ನನ್ನ ಮಡಿಲಲ್ಲಿ ಕೂತು ಫೋಟೋಕ್ಕೆ ನಗಬೇಕೆಂದು ಅವಳಿಗೆ ಹೇಳಿಕೊಟ್ಟೆ.

"ಅದು ಅಂಥ ಫೋಟೋ ಅಲ್ಲ ಮಾರಾಯ್ತಿ. ಮಗು ಮನೆಯಲ್ಲೇ ಇರಲಿ," ಎಂದರು ಗಂಡ. ಎಂಥ ಫೋಟೋ ಎಂದು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಆಸ್ಪತ್ರೆಯ ಬೆಂಚಿನಲ್ಲಿ ಮದುಮಗಳ ಹಾಗೆ ಕೂತುಕೊಂಡೆ. ಕರೆಂಟಿಗೆ ಬಲವಿಲ್ಲ, ಸ್ವಲ್ಪ ಕಾಯಬೇಕು ಎಂದರು. ಕರೆದಾಗ ಒಳಗೆ ಹೋದರೆ ಕತ್ತಲೆ ಕೋಣೆ, ಒಂದು ಕೆಂಪು ಬಲ್ಬು. ದಪ್ಪ ಏಪ್ರನ್ ಕಟ್ಟಿದ ಎಕ್ಸ್‌ರೇಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಂಗಾರ ಎಲ್ಲ ತೆಗೀಬೇಕು ಅಮ್ಮಾ. ಕುತ್ತಿಗೆಯದ್ದು ಸಹ," ಎಂದರು.

ಬಳೆ ತೆಗೆದೆ, ಓಲೆ ತೆಗೆದೆ. ಕರಿಮಣಿ ಹೇಗೆ ತೆಗೆಯುವುದು? ಗಂಡ ಬದುಕಿರುವಾಗ ಕುತ್ತಿಗೆ ಬರಿದಾಗಬಾರದು. ತೆಗೆಯಲೇಬೇಕಾಗಿ ಬಂದರೆ ಗಂಡನ ಕೈಗೇ ಕೊಡಬೇಕು, ನೆಲಕ್ಕೆ ತಾಗಿಸಬಾರದು, ಮತ್ತೆ ಅವನೇ ಹಾಕಬೇಕು. ಅತ್ತೆ ಹೇಳಿಕೊಟ್ಟ ಕ್ರಮ ಅದು. ನಾನು ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

"ಇದಿದ್ದರೆ ಮಣಿಯದ್ದೇ ಫೋಟೋ ಬರುದು. ಎದೆ ಕಾಣುದಿಲ್ಲ," ಎಂದರು ಅವರು. ಬೈಯಲಿಲ್ಲ. ಮೇಜಿನ ಡ್ರಾಯರಿನಿಂದ ಅರಸಿನ ಹಚ್ಚಿದ ಒಂದು ನೂಲು ತೆಗೆದುಕೊಟ್ಟರು. "ಇದನ್ನು ಕಟ್ಟಿಕೊಳ್ಳಿ. ನೂಲು ಫಿಲ್ಮಿಗೆ ಬೀಳುದಿಲ್ಲ." ನನ್ನಂಥವರು ಎಷ್ಟು ಮಂದಿ ಬಂದಿದ್ದರೋ, ಪುಣ್ಯಾತ್ಮ ನೂಲಿನ ಉಂಡೆಯನ್ನೇ ಇಟ್ಟುಕೊಂಡಿದ್ದರು. ಬಾಗಿಲಲ್ಲಿದ್ದ ಗಂಡನ ಕೈಗೆ ಕರಿಮಣಿ ಕೊಟ್ಟು ಒಳಗೆ ಹೋದೆ.

ಎಕ್ಸ್‌ರೇಗೆ ಹೋಗುವವರು ಈಗ ನನ್ನಲ್ಲಿ ಕೇಳಿದರೆ ಹೇಳುತ್ತೇನೆ. ನೋವಿಲ್ಲ. ತಣ್ಣನೆಯ ಹಲಗೆಗೆ ಎದೆ ಒತ್ತಿ, ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕು. ಕೆಮ್ಮುವುದಿದ್ದರೆ ಮೊದಲೇ ಕೆಮ್ಮಿ ಮುಗಿಸಿ, ಯಾಕೆಂದರೆ ಉಸಿರು ಹಿಡಿ ಎಂದಾಗ ಹಿಡಿಯಬೇಕು, ಅಲ್ಲಾಡಬಾರದು. ಮಿಷನ್ ಒಮ್ಮೆ ಗುಂಯ್ ಎನ್ನುತ್ತದೆ, ಅಷ್ಟೆ. ಫಿಲ್ಮ್ ತೊಳೆದು ನೇತುಹಾಕಿ ಒಣಗಿಸಲಿಕ್ಕೆ ಹೊತ್ತು ಹಿಡಿಯುತ್ತದೆ, ಕಾಯಿರಿ. ಮತ್ತೆ, ಫಿಲ್ಮನ್ನು ನಿಮ್ಮ ಕಣ್ಣಾರೆ ನೋಡದೆ ಅಲ್ಲಿಂದ ಏಳಬೇಡಿ.

ಈ ಕೊನೆಯದನ್ನು ನನಗೆ ಹೇಳುವವರಿರಲಿಲ್ಲ.

ಡಾಕ್ಟರು ಗಂಡನನ್ನು ಮಾತ್ರ ಒಳಗೆ ಕರೆದರು. ತುಂಬಾ ಹೊತ್ತಿನ ಮೇಲೆ ಅವರು ಹೊರಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಕರಿಮಣಿ ಹಾಕಿದರು. ಕೊಂಡಿ ಸಿಕ್ಕಿಸುವಾಗ ಎರಡು ಸಲ ತಪ್ಪಿದರು. ಎಲ್ಲರೆದುರು ಹೆಂಡತಿಯ ಕುತ್ತಿಗೆ ಮುಟ್ಟುವ ನಾಚಿಕೆ ಎಂದುಕೊಂಡು ನನಗೆ ನಗು ಬಂತು.

"ಎಂತ ಹೇಳಿದರು?" ಎಂದೆ.

"ಎಂತ ಇಲ್ಲ. ಶಕ್ತಿ ಇಲ್ಲ ಅಂತೆ. ಇಂಜೆಕ್ಷನ್ ತೆಗೊಂಡರೆ ಸರಿಯಾಗ್ತದೆ."

ನಾನು ನಂಬಿದೆ. ಮಾಂಗಲ್ಯ ಹಾಕುತ್ತಾ ಯಾರಾದರೂ ಸುಳ್ಳು ಹೇಳುತ್ತಾರೆಯೇ?

ಆ ವಾರವೇ ಕಡಬದಿಂದ ನಾದಿನಿ ಬಂದಳು. ಜಾನುವನ್ನು ಸ್ವಲ್ಪ ದಿನ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಆಡಲಿಕ್ಕೆ ಮಕ್ಕಳುಂಟು ಎಂದಳು. ಅತ್ತೆ ಮೊದಲೇ ಗಂಟು ಕಟ್ಟಿಟ್ಟಿದ್ದರು. ಸ್ವಲ್ಪ ದಿನ ಎಂದದ್ದು ಮುಗಿಯಲೇ ಇಲ್ಲ. ನನ್ನ ಊಟದ ಬಟ್ಟಲು ಬೇರೆಯಾಯಿತು, ಲೋಟ ಬೇರೆಯಾಯಿತು. ಗಂಡ ಜಗಲಿಯಲ್ಲಿ ಮಲಗತೊಡಗಿದರು. ಒಣಮೀನು ಮಾರಲು ಬರುವ ಬೀಪಾತುಮ್ಮ ಮೀನಿನ ಬದಲು ನಾಲ್ಕು ಬಾತುಕೋಳಿ ಮೊಟ್ಟೆ ಅಂಗಳದಲ್ಲಿಟ್ಟು, "ಇದು ತಿನ್ನಿ ಅಕ್ಕಾ, ಎದೆಗೆ ಒಳ್ಳೆದು," ಎಂದು ಕಣ್ಣೊರೆಸಿಕೊಂಡು ಹೋದಳು. ಮೊಟ್ಟೆ ಕೊಡುವಾಗ ಅಳುವುದೇಕೆ ಎಂದು ನನಗೆ ಸೋಜಿಗ. ಗಂಡನಿಗೆ ನಾನು ಬೇಡವಾಗಿದ್ದೇನೆ ಎಂದೇ ಬಗೆದೆ. ದಿನಾ ಪುತ್ತೂರಿಗೆ ಹೋಗುವ ಗಂಡಸು, ಅಲ್ಲಿ ಯಾರಿದ್ದಾಳೋ ಎಂದೂ ಯೋಚಿಸಿದೆ.

ಸುಳ್ಯಕ್ಕೆ ನಡೆದುಕೊಂಡು ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದೆ. ಕೂರಲಾಗದ ಹಾಗೆ ನೋವು. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಆದರೆ ಜ್ವರ ಬಿಟ್ಟಿತು. ಹಸಿವಾಯಿತು. ಒನಕೆ ಹಿಡಿದು ಅಕ್ಕಿ ಕುಟ್ಟಿದರೂ ಆಯಾಸವಿಲ್ಲ. ಶಕ್ತಿಯ ಇಂಜೆಕ್ಷನ್ ಅಲ್ಲವೇ, ಶಕ್ತಿ ಬಂದ ಮೇಲೆ ಮತ್ತೆ ಯಾಕೆ?

"ನಾನಿನ್ನು ಹೋಗುದಿಲ್ಲ," ಎಂದೆ ಒಂದು ಬೆಳಿಗ್ಗೆ.

ಗಂಡ ಟಿಕೆಟಿನ ಚೀಲ ಕೆಳಗಿಟ್ಟರು. "ಹೋಗು ಮಾರಾಯ್ತಿ. ಇನ್ನೂ ಉಂಟು, ಹೋಗು."

"ಎಂತಕ್ಕೆ? ನನಗೆ ಎಂತ ಆಗಿದೆ ಹೇಳಿ, ಹೋಗ್ತೇನೆ."

ಅವರು ಬಾಯಿ ತೆರೆದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗನನ್ನೇ ನೋಡುತ್ತಿದ್ದರು. "ಎಂತ ಆಗ್ಲಿಲ್ಲ," ಎಂದು ಟಿಕೆಟಿನ ಚೀಲ ಹೆಗಲಿಗೇರಿಸಿ ನಡೆದುಬಿಟ್ಟರು. ಅವತ್ತು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮುಂದಿನ ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಮ್ಮಿದೆ. ಕಲ್ಲು ಕೆಂಪಾಯಿತು.

ಪುನಃ ಪುತ್ತೂರು. ಪುನಃ ಅರಸಿನ ನೂಲು, ತಣ್ಣನೆಯ ಹಲಗೆ. ಈ ಸಲ ಗಂಡ ಒಳಗೆ ಹೋಗುವಾಗ ನಾನೂ ಹಿಂದೆಯೇ ನುಗ್ಗಿದೆ. ಡಾಕ್ಟರಿಗೆ ಸಿಟ್ಟು ಬಂದಿತ್ತು. "ಎಂತ ಅಮ್ಮಾ ನೀವು? ಕ್ಷಯದ ಇಂಜೆಕ್ಷನ್ ಯಾರಾದರೂ ಅರ್ಧದಲ್ಲಿ ಬಿಡ್ತಾರಾ?"

ಕ್ಷಯ.

ನಾನು ಗಂಡನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ನಿಮ್ಮವರಿಗೆ ಅಂದೇ ಹೇಳಿದ್ದೆನಲ್ಲ," ಎಂದರು ಡಾಕ್ಟರು, ದನಿ ಇಳಿಸಿ.

ನನಗೆ ತೋರಿಸಿ ಎಂದೆ. ಹಳೆಯದು, ಹೊಸದು ಎರಡೂ ಫಿಲ್ಮನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ಹಳೆಯದರಲ್ಲಿ ಬಲಗಡೆ, ಮೇಲೆ, ಬಟಾಣಿಯಷ್ಟು ಬಿಳಿ. ಹೊಸದರಲ್ಲಿ ಅಂಗೈಯಷ್ಟು. ಆ ಎರಡು ಚಿತ್ರಗಳ ನಡುವೆ ಬೆಳೆದದ್ದು ರೋಗವಲ್ಲ, ನನ್ನ ಗಂಡನ ಸುಳ್ಳು. ಇದನ್ನು ಇವತ್ತಿಗೂ ಹಾಗೆಯೇ ಹೇಳುತ್ತೇನೆ, ಮೆತ್ತಗೆ ಮಾಡಿ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಅತ್ತೆಗೆ ಗೊತ್ತಿತ್ತು. ನಾದಿನಿಗೆ ಗೊತ್ತಿತ್ತು. ಬಸ್ಸಿನ ಡ್ರೈವರಿಗೆ, ಬೀಪಾತುಮ್ಮನಿಗೆ ಗೊತ್ತಿತ್ತು. ನನ್ನ ಎದೆಯೊಳಗೆ ಏನಿದೆ ಎಂದು ನನ್ನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಗಂಡ ಅತ್ತರು. "ನೀನು ಹೆದರಿ ಸತ್ತೇ ಹೋಗ್ತಿ ಅಂತ ಮಾಡಿದ್ದು. ಅಮ್ಮ ಸಹ ಹೇಳುದು ಬೇಡ ಅಂದರು."

"ಈಗ ಹೆದರದೆ ಸಾಯ್ತಾ ಇದ್ದೇನೆ," ಎಂದೆ.

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈದು ತವರಿಗೆ ಹೋಗುತ್ತಿದ್ದೆ. ಮದ್ದು ತರಿಸಿದವರು ಅವರೇ, ಹಾಲು ಮೊಟ್ಟೆಗೆ ಕಡಿಮೆ ಮಾಡದವರೂ ಅವರೇ. ನನ್ನ ಮೇಲೆ ಅಷ್ಟು ಪ್ರೀತಿಯಿದ್ದವರು ನನ್ನ ಬುದ್ಧಿಯ ಮೇಲೆ ಮಾತ್ರ ಕವಡೆಯಷ್ಟೂ ನಂಬಿಕೆ ಇಡಲಿಲ್ಲ. ನಂಬಿದವರೇ ಕೈಕೊಟ್ಟರೆ ಯಾರಲ್ಲಿ ದೂರುವುದು?

ಎರಡನೆಯ ಸಲದ ಚಿಕಿತ್ಸೆಯನ್ನು ಹೆಸರು ಗೊತ್ತಿದ್ದೇ ಮಾಡಿಕೊಂಡೆ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ವಾಂತಿ ಬರಿಸುವ ಪುಡಿ, ಮಾತ್ರೆ. ಒಂದು ದಿನವೂ ತಪ್ಪಿಸಲಿಲ್ಲ. ಎಡಗಿವಿ ಸ್ವಲ್ಪ ಮಂದವಾಯಿತು. ಜಾನುವನ್ನು ನೋಡಬೇಕೆಂದು ಎಷ್ಟು ಆಸೆಯಾದರೂ ಕಡಬಕ್ಕೆ ಹೋಗಲಿಲ್ಲ. ಮೊದಲ ಸಲ ಅವಳನ್ನು ನನ್ನಿಂದ ದೂರ ಇಟ್ಟವರು ಮನೆಯವರು, ಈ ಸಲ ದೂರ ಇಟ್ಟವಳು ನಾನೇ. ನೋವು ಅಷ್ಟೇ ಇತ್ತು, ಆದರೆ ಹೊರಬಹುದಾಗಿತ್ತು.

ಮೊನ್ನೆ ಕೊನೆಯ ಎಕ್ಸ್‌ರೇ. ಗಂಡ ಕರಿಮಣಿಗೆ ಕೈಚಾಚಿದರು. ನಾನು ಕೊಡಲಿಲ್ಲ, ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಕ್ಸ್‌ರೇಯವರು ನೂಲು ಕೊಡಬಂದರು. ಇವತ್ತು ಬೇಡ ಎಂದೆ.

ಡಾಕ್ಟರು ನನ್ನನ್ನೇ ಕೂರಿಸಿ ಫಿಲ್ಮ್ ತೋರಿಸಿದರು. "ಕಲೆ ಹೋಗುದಿಲ್ಲ. ಆದರೆ ಒಣಗಿದೆ. ಇನ್ನು ಮಗುವಿನ ಹತ್ತಿರ ಹೋಗಬಹುದು." ಹೊರಗೆ ಬಂದು ಕರಿಮಣಿಯ ಕೊಂಡಿ ನಾನೇ ಹಾಕಿಕೊಂಡೆ. ಫಿಲ್ಮನ್ನು ಕೇಳಿ ತೆಗೆದುಕೊಂಡೆ. ಮನೆಗೆ ಹೋಗದೆ ಉಪ್ಪಿನಂಗಡಿಯ ಮೇಲೆ ನೆಟ್ಟಗೆ ಕಡಬಕ್ಕೆ ಹೋದೆವು.

ಜಾನು ಉದ್ದವಾಗಿದ್ದಳು. ನನ್ನನ್ನು ಕಂಡು ನಾದಿನಿಯ ಸೀರೆಯ ಹಿಂದೆ ಅಡಗಿದಳು. ನಾನು ಎತ್ತಿಕೊಳ್ಳಲು ಹೋಗಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ಕೂತು ಫಿಲ್ಮನ್ನು ಆಕಾಶಕ್ಕೆ ಹಿಡಿದೆ. "ಇದು ಅಮ್ಮನ ಎದೆಯ ಫೋಟೋ," ಎಂದೆ.

ಕುತೂಹಲ ತಡೆಯದೆ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಪಕ್ಕೆಲುಬು ನೋಡಿದಳು. ಆಮೇಲೆ ಬೆರಳು ಆ ಬಿಳಿ ಕಲೆಯ ಮೇಲೆ ನಿಂತಿತು.

"ಇಲ್ಲಿ ಎಂತ ಉಂಟು?"

"ಎಂತ ಇಲ್ಲ ಜಾನೂ," ಎಂದರು ಗಂಡ ಹಿಂದಿನಿಂದ, ಅವಸರದಲ್ಲಿ.

"ಉಂಟು," ಎಂದೆ ನಾನು. ಅವಳನ್ನು ಹತ್ತಿರ ಕೂರಿಸಿ ಎಲ್ಲವನ್ನೂ ಹೇಳಿದೆ.