ಕಿರಿಸ್ಮಾಸ್ ದ್ವೀಪದ ಭಾನುವಾರ

2024ನೇ ಇಸವಿ. ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ, ಹಡಗಿನ ಸಿಬ್ಬಂದಿಯ ನೇಮಕಕ್ಕೆ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಸಪೋರ್ಟ್ ಎಂಜಿನಿಯರ್. ಎಂಜಿನಿಯರ್ ಅಂತ ಕಾರ್ಡಿನಲ್ಲಿದೆ ಅಷ್ಟೇ. ಓದಿದ್ದು ಹುಬ್ಬಳ್ಳಿಯಲ್ಲಿ ಬಿಕಾಂ, ಕೋಡಿಂಗ್ ಕಲಿತದ್ದು ವಿಡಿಯೋ ನೋಡಿ. ಹಾಗೆಯೇ ಯಾರೂ ಹೇಳಿಕೊಡದೆ ಹತ್ತಿಸಿಕೊಂಡ ಇನ್ನೊಂದು ಹುಚ್ಚು ನನಗಿದೆ: ಪೆಸಿಫಿಕ್ ಸಾಗರದ ಪುಟ್ಟ ದೇಶಗಳ ಇತಿಹಾಸ. ಈ ಹುಚ್ಚಿಗೂ ನನ್ನ ಕೆಲಸಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ, ಆ ಶುಕ್ರವಾರದ ತನಕ.

ನಮ್ಮ ಸಾಫ್ಟ್‌ವೇರ್ ಮಾಡುವುದು ಸರಳ ಕೆಲಸ. ನಾವಿಕನೊಬ್ಬನನ್ನು ಹಡಗಿಗೆ ಕಳಿಸುವ ಮುಂಚೆ ಏಜೆನ್ಸಿಯವರು ಅವನ ಪಾಸ್‌ಪೋರ್ಟ್, ಊರು, ವೈದ್ಯಕೀಯ ಪರೀಕ್ಷೆಯ ವಿವರ ತುಂಬುತ್ತಾರೆ. ಹುಟ್ಟಿದ ತಾರೀಖನ್ನು ಸಿಸ್ಟಮ್ ಹುಟ್ಟಿದ ಊರಿನ ಕಾಲಮಾನಕ್ಕೆ ತಾಳೆ ನೋಡುತ್ತದೆ, ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗುರುತು ಬರುತ್ತದೆ. ಹಸಿರು ಬಾರದವನನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ.

ಬೆಳಿಗ್ಗೆ ಪೋರ್ಟ್ ಕ್ಲಾಂಗ್ ಬಂದರಿನ ಏಜೆನ್ಸಿಯಿಂದ ಕಮಲಾ ಫೋನ್ ಮಾಡಿದರು. ಅಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಮಾತಿನ ಕೊನೆಗೆ ಅವರು ಇಲ್ಲಿನವರ ಹಾಗೆ 'ಲಾ' ಸೇರಿಸುತ್ತಾರೆ.

"ಸುಧಾ, ನಿಮ್ಮ ಸಿಸ್ಟಮ್ ಒಬ್ಬನ್ನ ಒಪ್ತಾ ಇಲ್ಲ ಲಾ. ಅವನು ಹುಟ್ಟಿದ ದಿನವೇ ಇಲ್ಲ ಅಂತಿದೆ."

ಅವನ ಹೆಸರು ಯೋವಾನೆ. ಕಿರಿಬಾಸ್ ದೇಶದ ನಾವಿಕ. ನಕ್ಷೆಗಳಲ್ಲಿ ಕಿರಿಬಾಟಿ ಎಂದು ಬರೆದಿರುತ್ತಾರೆ, ಅಲ್ಲಿನವರು ಹೇಳುವುದು ಕಿರಿಬಾಸ್. ಹುಟ್ಟಿದ್ದು ಆ ದೇಶದ ಪೂರ್ವ ತುದಿಯ ಕಿರಿಸ್ಮಾಸ್ ದ್ವೀಪದಲ್ಲಿ (ಕ್ರಿಸ್‌ಮಸ್ ಅನ್ನುವುದನ್ನು ಅಲ್ಲಿ ಹಾಗನ್ನುತ್ತಾರೆ), 1995ರ ಜನವರಿ ಒಂದರಂದು. ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ಕೂತು ಈಗ ಒಂದು ಕಾಂಟ್ರಾಕ್ಟ್ ಸಿಕ್ಕಿತ್ತು. ಹಡಗು ಬಂದರಿನಾಚೆ ಲಂಗರು ಹಾಕಿ ನಿಂತಿತ್ತು, ಸಿಬ್ಬಂದಿಯನ್ನು ಒಯ್ಯುವ ದೋಣಿ ಸಂಜೆ ಐದಕ್ಕೆ. ಬದಲಿಗೆ ಅಂತ ಕರೆಸಿದ್ದ ಫಿಲಿಪ್ಪೀನ್ಸ್‌ನ ಒಬ್ಬ, ಯೋವಾನೆ ಕಾಯುತ್ತಿದ್ದ ಏಜೆನ್ಸಿಯ ಕೋಣೆಯಲ್ಲೇ ಬ್ಯಾಗ್ ಇಟ್ಟುಕೊಂಡು ಕೂತಿದ್ದ. ಅದಕ್ಕಿಂತ ಕೆಟ್ಟದ್ದು, ಪಾಸ್‌ಪೋರ್ಟೇ ನಕಲಿ ಇರಬೇಕು ಅಂತ ಕಮಲಾ ಅವರ ಬಾಸ್‌ಗೆ ಅನುಮಾನ ಹತ್ತಿತ್ತು. ಹಾಗಂತ ಒಮ್ಮೆ ಗುರುತು ಹಾಕಿದರೆ ಆ ಏಜೆನ್ಸಿಯಿಂದ ಅವನು ಇನ್ನೆಂದೂ ಹಡಗು ಹತ್ತುವ ಹಾಗಿರಲಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಬ್ರಿಟಿಷರ ಕೈಯಲ್ಲಿದ್ದ ಕಿರಿಬಾಸ್ ಸ್ವತಂತ್ರವಾದದ್ದು 1979ರಲ್ಲಿ. ಮೂರು ಗುಂಪು ಹವಳದ ದ್ವೀಪಗಳು, ಸಾವಿರಾರು ಕಿಲೋಮೀಟರ್ ನೀರಿನಲ್ಲಿ ಚೆಲ್ಲಾಪಿಲ್ಲಿ. ದಾಟಿದರೆ ತಾರೀಖು ಒಂದು ದಿನ ಬದಲಾಗುವ ಅಂತರರಾಷ್ಟ್ರೀಯ ದಿನರೇಖೆ ಈ ದೇಶದ ನಡುವೆಯೇ ಹಾದುಹೋಗುತ್ತಿತ್ತು. ರಾಜಧಾನಿ ತರಾವಾದಲ್ಲಿ ಸೋಮವಾರ ಕಚೇರಿ ತೆರೆದರೆ ಕಿರಿಸ್ಮಾಸ್‌ನಲ್ಲಿ ಇನ್ನೂ ಭಾನುವಾರ. ಕಿರಿಸ್ಮಾಸ್‌ಗೆ ಶುಕ್ರವಾರ ಬರುವಾಗ ತರಾವಾದಲ್ಲಿ ಶನಿವಾರದ ರಜೆ. ಒಂದೇ ಸರ್ಕಾರದ ಎರಡು ಕಡೆಯ ಕಚೇರಿಗಳು ಒಟ್ಟಿಗೆ ತೆರೆದಿರುತ್ತಿದ್ದುದು ವಾರಕ್ಕೆ ನಾಲ್ಕೇ ದಿನ. ಕೊನೆಗೆ 1995ರ ಹೊಸ ವರ್ಷಕ್ಕೆ ಸರಿಯಾಗಿ ಸರ್ಕಾರ ಆ ಗೆರೆಯನ್ನೇ ಪೂರ್ವಕ್ಕೆ ಸರಿಸಿ ಇಡೀ ದೇಶವನ್ನು ಒಂದೇ ತಾರೀಖಿಗೆ ತಂದಿತು. ಅದಕ್ಕಾಗಿ ಪೂರ್ವದ ದ್ವೀಪಗಳು ಒಂದು ದಿನವನ್ನು ಬಿಟ್ಟುಕೊಡಬೇಕಾಯಿತು.

ಯಾವ ದಿನವನ್ನು? ನಾನು ಓದಿದ ಒಂದೆರಡು ವೆಬ್‌ಸೈಟುಗಳ ಪ್ರಕಾರ ಜನವರಿ ಒಂದನ್ನು. ನಮ್ಮ ಸಾಫ್ಟ್‌ವೇರ್ ಬಳಸುವ ಟೈಮ್‌ಝೋನ್ ಲೈಬ್ರರಿಯೂ ಅದನ್ನೇ ಹೇಳುತ್ತಿತ್ತು. ಯಾವ ಊರಿನ ಗಡಿಯಾರ ಯಾವಾಗ ಬದಲಾಯಿತು ಎಂದು ಗುಡ್ಡೆ ಹಾಕಿಟ್ಟ ಸಿದ್ಧ ಮಾಹಿತಿ ಅದು. ಕೋಡ್ ಬರೆಯುವವರೆಲ್ಲ ಅದನ್ನು ಕಣ್ಣುಮುಚ್ಚಿ ನಂಬುತ್ತೇವೆ.

ನಮ್ಮ ಟೀಮ್ ಲೀಡ್ ವಿನಯಣ್ಣ ಉಡುಪಿಯವರು. ವಿಷಯ ಕೇಳಿ ಕುರ್ಚಿ ತಿರುಗಿಸಿದರು.

"ಪಾಸ್‌ಪೋರ್ಟೇ ಡೌಟು ಮಾರಾಯ್ತಿ. ಮಾಮಕ್ ಹೋಟೆಲಿನಲ್ಲಿ ನನ್ನ ರೊಟ್ಟಿ ಆರುವ ತನಕ ಕೊರೆದದ್ದು ನೀನೇ ಅಲ್ವಾ, ಅವರು ಜನವರಿ ಒಂದನ್ನು ಹಾರಿಸಿದ್ರು ಅಂತ?"

"ಹೇಳೀನ್ರೀ. ಆದ್ರ ಅದು ಎಲ್ಲೋ ಓದಿದ್ದು. ಇಂವ ಅಲ್ಲೇ ಹುಟ್ಟಿದಾಂವ."

"ಹುಟ್ಟಿದ ದಿನ ಯಾರಿಗೆ ನೆನಪಿರ್ತದೆ?"

ಕೂರಲಾಗಲಿಲ್ಲ. ಎದ್ದು ಕಿಟಕಿಯ ತನಕ ಹೋದೆ, ವಾಪಸ್ ಬಂದೆ. ಅಷ್ಟರಲ್ಲಿ ಕಮಲಾ ಮತ್ತೆ ಫೋನ್ ಮಾಡಿದರು. "ಜನವರಿ ಎರಡು ಅಂತ ಹಾಕಿ ನೋಡಿದೆ, ಹಸಿರು ಬರುತ್ತೆ. ಹಾಗೇ ಬಿಟ್ಟುಬಿಡ್ಲಾ?" ಹಿಂದಿನಿಂದ ಒಂದು ಗಂಡು ದನಿ, "ಬೇಡ, ಅದು ನನ್ನ ದಿನ ಅಲ್ಲ." ಪಾಸ್‌ಪೋರ್ಟಿನಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಇದ್ದರೆ ಬಂದರಿನ ಗೇಟಿನಲ್ಲೇ ಅವನನ್ನು ಹಿಡಿಯುತ್ತಾರೆ. ನಾನು ಅವನಿಗೇ ಫೋನ್ ಕೊಡಿ ಅಂದೆ.

"ನಿಮ್ಮ ದ್ವೀಪದಲ್ಲಿ ಆ ದಿನ ಬರಲೇ ಇಲ್ಲವಂತಲ್ಲ?" ಅಂತ ಕೇಳಿದೆ.

ಅವನು ನಕ್ಕ. "ಬರದೇ ಇದ್ದದ್ದು ಶನಿವಾರ ಕಣಮ್ಮಾ. ನಾನು ಭಾನುವಾರದವನು. ಶುಕ್ರವಾರ ರಾತ್ರಿ ಅಮ್ಮನಿಗೆ ನೋವು ಶುರುವಾಯ್ತು, ಬೆಳಗಾದ್ರೆ ಭಾನುವಾರ. ಚರ್ಚಿಂದ ಹೊರಟವರು ಸೀದಾ ನನ್ನನ್ನ ನೋಡೋಕೆ ಬಂದ್ರಂತೆ. ನಾನು ಹುಟ್ಟೋಕೆ ಎರಡು ದಿನ ತಗೊಂಡೆ ಅಂತ ಅಪ್ಪ ಈಗಲೂ ಕಂಡವರಿಗೆಲ್ಲ ಹೇಳ್ತಾನೆ. ಒಂದೇ ರಾತ್ರಿ ಅಂತ ಅಮ್ಮ ಜಗಳಕ್ಕೆ ನಿಲ್ತಾಳೆ."

ಕ್ಯಾಲೆಂಡರ್ ತೆಗೆದು ನೋಡಿದೆ. 1995ರ ಜನವರಿ ಒಂದು ಭಾನುವಾರವೇ. ಯಂತ್ರ ಹೇಳಿದ್ದು ನಿಜವಾದರೆ ಆ ಜನ ಶನಿವಾರ ಮಲಗಿ ಸೋಮವಾರ ಎದ್ದಿರಬೇಕು. ಆ ವಾರ ಭಾನುವಾರವಿಲ್ಲ, ಹೊಸ ವರ್ಷದ ಮೊದಲ ದಿನವೂ ಇಲ್ಲ. ಇಡೀ ದೇಶ ಒಟ್ಟಿಗೆ ಹೊಸ ವರ್ಷಕ್ಕೆ ಕಾಲಿಡಲಿ ಅಂತಲೇ ಗೆರೆ ಸರಿಸಿದ ಸರ್ಕಾರ, ಚರ್ಚಿಗೆ ತಪ್ಪದೆ ಹೋಗುವ ಜನರಿಂದ ಅದೇ ದಿನವನ್ನು ಕಿತ್ತುಕೊಂಡೀತೇ?

ವಿನಯಣ್ಣನಿಗೆ ಇದನ್ನು ಒಂದೇ ಉಸಿರಿಗೆ ಹೇಳಿದೆ. ಅವರೂ ನನ್ನ ಕ್ಯಾಲೆಂಡರ್ ನೋಡಿದರು.

"ಅದೂ ಹೌದು. ಈ ಸಲ ಅಷ್ಟಮಿಯನ್ನೇ ಹಾರಿಸ್ತೇವೆ ಅಂದ್ರೆ ನಮ್ಮ ಉಡುಪಿಯವರು ಬಿಡ್ತಾರಾ? ಆದ್ರೆ ಇದು ಲಾಜಿಕ್ ಆಯ್ತು ಸುಧಾ, ಪ್ರೂಫ್ ಅಲ್ಲ."

ಪ್ರೂಫ್ ಹುಡುಕಲು ಕೂತೆ. ಟೈಮ್‌ಝೋನ್ ಲೈಬ್ರರಿಯನ್ನು ಆಗಾಗ ತಿದ್ದುತ್ತಾರೆ, ಪ್ರತಿ ಸಲವೂ ಏನು ತಿದ್ದಿದೆವು ಎಂದು ಬರೆದಿಡುತ್ತಾರೆ. ಒಂದೊಂದೇ ಓದುತ್ತ ಹೋದರೆ ಒಂದು ಕಡೆ ಎರಡೇ ಸಾಲು: ಈ ದ್ವೀಪಗಳು ಬಿಟ್ಟದ್ದು 1994ರ ಡಿಸೆಂಬರ್ 31ನ್ನು, ಜನವರಿ ಒಂದನ್ನಲ್ಲ. ತಪ್ಪು ಗೊತ್ತಾಗಿ ತಿದ್ದಿ ವರ್ಷಗಳೇ ಆಗಿದ್ದವು. ನಮ್ಮ ಸರ್ವರಿನಲ್ಲಿದ್ದದ್ದು ಅದಕ್ಕೂ ಹಳೆಯ ಪ್ರತಿ, ಅದನ್ನು ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆದರೆ ಹೊಸ ಪ್ರತಿ ಹಾಕುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಎಲ್ಲ ದೇಶದ ನಾವಿಕರ ತಾರೀಖುಗಳೂ ಅದರ ಮೇಲೆ ನಿಂತಿವೆ. ಟೆಸ್ಟ್ ಮಾಡದೆ ಮುಟ್ಟುವುದಿಲ್ಲ ಅಂದರು ವಿನಯಣ್ಣ. ಸರ್ವರಿನ ಅನುಮತಿ ಇದ್ದ ಫೈಸಲ್ ಶುಕ್ರವಾರದ ನಮಾಜಿಗೆ ಹೋಗಿದ್ದರು. ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದ ಊಟ ಬಿಚ್ಚದೆ ಆರಿತು. ಪ್ಯಾಂಟ್ರಿಗೂ ಮೇಜಿಗೂ ಸುಮ್ಮನೆ ತಿರುಗಿದೆ. ಕಮಲಾ ಮೆಸೇಜ್ ಹಾಕಿದರು: ಬದಲಿಯವನಿಗೆ ಹಸಿರು ಬಂದಿದೆ, ಬಾಸ್ ನಾಲ್ಕು ಗಂಟೆಯ ತನಕ ಮಾತ್ರ ಕಾಯುತ್ತಾರೆ.

"ನೀನೊಮ್ಮೆ ಕೂತುಕೋ ಮಾರಾಯ್ತಿ. ನೀನು ತಿರುಗಿದರೆ ಟೆಸ್ಟು ಬೇಗ ಮುಗಿಯುವುದಿಲ್ಲ."

"ಕುಂತ್ರೂ ಮುಗಿಯೂದಿಲ್ರೀ."

ಫೈಸಲ್ ಬಂದರು. ಟೆಸ್ಟ್ ಮುಗಿಯಿತು, ಹೊಸ ಪ್ರತಿ ಸರ್ವರಿಗೆ ಏರಿತು. ನಾಲ್ಕಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಜನವರಿ ಒಂದು ಅಂತ ಮತ್ತೊಮ್ಮೆ ತುಂಬಿ ಎಂದು ಕಮಲಾಗೆ ಹೇಳಿದೆ. ಫೋನಿನಲ್ಲಿ ಕೀಬೋರ್ಡಿನ ಸದ್ದು ಕೇಳಿತು. ಆಮೇಲೆ ಕುರ್ಚಿ ಎಳೆದ ಸದ್ದು.

"ಹಸಿರು. ದೋಣಿಗೆ ಓಡಿಬಿಟ್ಟ ಸುಧಾ, ಥ್ಯಾಂಕ್ಸ್ ಹೇಳೋಕೂ ನಿಲ್ಲಲಿಲ್ಲ ಲಾ."

"ಬದಲಿಗೆ ಬಂದಿದ್ದವರು?"

"ಇಲ್ಲೇ ಕೂತಿದ್ದಾನೆ. ಟೀ ಕೊಟ್ಟಿದ್ದೀನಿ."

ಅದನ್ನು ಕೇಳಿದ ಮೇಲೆ ಪೂರ್ತಿ ಖುಷಿಪಡಲು ನನ್ನಿಂದಾಗಲಿಲ್ಲ.

ಸೋಮವಾರ ನಾನು ಒಂದು ಸಣ್ಣ ಬದಲಾವಣೆ ಕೇಳಿದೆ. ಲೆಕ್ಕ ತಾಳೆಯಾಗದಿದ್ದರೆ ನಮ್ಮ ಪರದೆ "ಈ ದಿನಾಂಕ ಇಲ್ಲ" ಎಂದು ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಅದರ ಬದಲು "ಈ ದಿನಾಂಕ ನಮಗೆ ಗೊತ್ತಿಲ್ಲ, ಆ ವ್ಯಕ್ತಿಯನ್ನು ಕೇಳಿ" ಎಂದಿರಲಿ ಅಂದೆ.

ವಿನಯಣ್ಣ ತಲೆ ಕೆರೆದುಕೊಂಡರು. "ಕಸ್ಟಮರ್ ಎದುರು ನಮಗೆ ಗೊತ್ತಿಲ್ಲ ಅಂತ ನಾವೇ ಹೇಳುವುದಾ?"

"ಗೊತ್ತಿರಲಿಲ್ಲಲ್ರೀ ಮತ್ತ."

ಅವರು ಒಪ್ಪಿದರು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಮಗೆ ಗೊತ್ತಿಲ್ಲದ್ದನ್ನು ಇಲ್ಲ ಅಂತ ಬರೆದುಬಿಟ್ಟರೆ, ಅದರ ಬಿಸಿ ತಟ್ಟುವುದು ನಮಗಲ್ಲ, ಎಲ್ಲೋ ಬಂದರಿನಲ್ಲಿ ಬ್ಯಾಗ್ ಹಿಡಿದು ನಿಂತವನಿಗೆ. ಈಗ ಯಾವುದಾದರೂ ಎರರ್‌ನಲ್ಲಿ ಮನುಷ್ಯನ ಹೆಸರು ಕಂಡರೆ ನಾನು ಕೋಡ್ ತೆರೆಯುವುದಿಲ್ಲ. ಮೊದಲು ಅವರ ನಂಬರ್ ಕೇಳುತ್ತೇನೆ.