ಅಕ್ಕ ಕೇಳಿದ ಪುಸ್ತಕ

ಹಿಜರಿ ೭೩೪, ರಜಬ್ ತಿಂಗಳ ಹನ್ನೆರಡು. ಬೆಳಗ್ಗೆ ದಮಾಸ್ಕಸಿನಲ್ಲಿ ಸಣ್ಣ ಮಳೆ, ಆಮೇಲೆ ಬಿಸಿಲು. ಕಾಸಿಯೂನ್ ಬೆಟ್ಟದ ನೆತ್ತಿಯ ಹಿಮ ಮಾತ್ರ ಕರಗಲಿಲ್ಲ.

ಅಕ್ಕ ಝಾಹಿದಾ ನನಗಿಂತ ಹದಿನೆಂಟು ವರ್ಷ ಹಿರಿಯಳು. ವಿಧವೆ, ಉಣ್ಣೆ ನೂತು ಬದುಕುವವಳು. ಓದು ಅಷ್ಟಕ್ಕಷ್ಟೆ. ಅವಳಿಗೆ ಐದು ತುಂಬಿದಾಗ ಅಪ್ಪ ಹೆಗಲ ಮೇಲೆ ಹೊತ್ತೊಯ್ದು, ತೊಂಬತ್ತು ದಾಟಿದ್ದ ಗುರುಗಳೊಬ್ಬರ ಸನ್ನಿಧಿಯಲ್ಲಿ ಪ್ರವಾದಿವಚನಗಳ ಸಣ್ಣ ಪುಸ್ತಕವೊಂದನ್ನು ಪೂರ್ತಿ ಕೇಳಿಸಿದ್ದರು. ನಾನು ಹುಟ್ಟುವ ಮೊದಲೇ ಆ ಗುರುಗಳು ತೀರಿಕೊಂಡರು. ಅದೇ ಪುಸ್ತಕವನ್ನು ನಾನು ಅವರ ಶಿಷ್ಯರಿಂದ ಕೇಳಿದೆ, ವರ್ಷಗಟ್ಟಲೆ ಪ್ರತಿಗಳನ್ನು ಹೋಲಿಸಿ ಪಾಠ ತಿದ್ದಿದೆ, ಈಗ ಮದರಸಾದಲ್ಲಿ ಕಲಿಸುತ್ತೇನೆ. ಆದರೂ ಗುರುವಿಗೆ ಅಕ್ಕನೇ ಒಂದು ಮೆಟ್ಟಿಲು ಹತ್ತಿರ; ನಮ್ಮ ವಿದ್ಯೆಯಲ್ಲಿ ನಡುವೆ ಬಾಯಿಗಳು ಕಡಿಮೆಯಿದ್ದಷ್ಟೂ ಬೆಲೆ ಹೆಚ್ಚು. ಅಂದು ಕೇಳಿದವರಲ್ಲಿ ಉಳಿದವಳೂ ಅವಳೊಬ್ಬಳೇ.

ಇಂದು ಅಲೆಪ್ಪೊದಿಂದ ಮುಫ್ಲಿಹ್ ಎಂಬ ತರುಣ ಆ ಪುಸ್ತಕ ಕೇಳಲು ಬಂದ. ನಾನು ಚಾಪೆ ಹಾಸಿದೆ.

"ಕೂತ್ಕೊಳಪ್ಪ. ಶುರು ಮಾಡೋಣ."

"ತಪ್ಪು ತಿಳೀಬೇಡಿ ಗುರುಗಳೇ, ನಾನು ಬಂದಿದ್ದು ಝಾಹಿದಾ ಅಮ್ಮನ ಹತ್ರ ಕೇಳೋಕೆ. ತಾವು ಓದಿದ್ರೆ ಸಾಕು."

ಅಕ್ಕನ ಎದುರು ಯಾರು ಓದಿದರೂ ಅವಳಿಂದಲೇ ಕೇಳಿದ ಲೆಕ್ಕ; ಆ ಪದ್ಧತಿಯಂತೆ ಓದತೊಡಗಿದೆ. ಪರದೆಯಾಚೆ ಅಕ್ಕ ತಕಲಿ ತಿರುಗಿಸುತ್ತ ಕೇಳುತ್ತಿದ್ದಳು.

"ಆವತ್ತಿಂದು ಏನಾದ್ರೂ ನೆನಪಿದ್ಯಾ ಅಮ್ಮ?" ಎಂದು ಮುಫ್ಲಿಹ್ ನಡುವೆ ಕೇಳಿದ.

"ಗುರುಗಳು ಸಕ್ಕರೆ ಬಾದಾಮಿ ಕೊಟ್ಟಿದ್ರು. ಅದರಲ್ಲಿ ಒಂದನ್ನ ಅಪ್ಪ ತಿಂದ್ಬಿಟ್ರು, ಅತ್ತಿದ್ದೆ."

ಅವನು ಭಕ್ತಿಯಿಂದ ತಲೆದೂಗಿದ. ನಾನು ತಿದ್ದಿದ ಒಂದು ಪಾಠದ ಬಗೆಗೂ ಅವನು ಕೇಳಿರಲಿಲ್ಲ. ಮೀಸೆ ಸರಿಯಾಗಿ ಮೂಡದ ಈ ಹುಡುಗ, ಓದು ಮುಗಿದರೆ, ಅದೇ ಗುರುವಿನಿಂದ ನನ್ನಷ್ಟೇ ದೂರದಲ್ಲಿ ನಿಲ್ಲುತ್ತಾನೆ. ನನ್ನ ದನಿಯನ್ನೇ ಏಣಿ ಮಾಡಿಕೊಂಡು.

ನಮಾಜಿಗೆ ಎದ್ದಾಗ ಅಕ್ಕ ಮೆಲ್ಲಗೆ ಕೇಳಿದಳು:

"ಯಾಕೋ, ಹರಳೆಣ್ಣೆ ಕುಡಿದೋನ ಹಾಗಿದೆ ಮುಖ?"

"ಏನಿಲ್ಲ. ಮೊದಲು ಹುಟ್ಟಿದ್ದು ನಿನ್ನ ಪುಣ್ಯ."

"ನಿನ್ನ ತಳ್ಳಿಬಿಟ್ಟು ಹುಟ್ಟಿದ್ನೇನೋ? ಹೋಗು, ನಿನ್ನ ಮಗಳನ್ನ ಕರ್ಕೊಂಡು ಬಾ. ನಾನಿನ್ನೂ ಸತ್ತಿಲ್ಲ."

ಕೊನೆಯ ಮಗಳು ರಬಾಬಳಿಗೆ ಐದು ತುಂಬಿ ತಿಂಗಳಾಗಿದೆ. ಬರುವ ದಾರಿಯಲ್ಲಿ, ಅವಳು ತೂಕಡಿಸದಿರಲೆಂದು, ಬಾದಾಮಿ ಕೊಂಡೆ. ಅಕ್ಕನ ಮಡಿಲಲ್ಲಿ ಕೂರಿಸಿ, ಅವಳೂ ಪೂರ್ತಿ ಕೇಳಲೆಂದು, ಪುಸ್ತಕದ ಮೊದಲ ಪುಟಕ್ಕೇ ಮರಳಿದೆ.

"ಅರ್ಧ ಮುಗಿದಿತ್ತಲ್ಲ ಗುರುಗಳೇ!" ಎಂದು ಮುಫ್ಲಿಹ್ ಅಲವತ್ತುಕೊಂಡ.

"ಆತುರ ಇದ್ರೆ ಹೊರಡಪ್ಪ."

ಅವನು ಹೊರಡಲಿಲ್ಲ. ಮಗು ಕೊನೆಯ ಸಾಲಿನವರೆಗೂ ಎಚ್ಚರವಾಗಿತ್ತು. ಕೇಳಿದವರ ಹೆಸರು ದಾಖಲಿಸುವಾಗ ರಬಾಬಳದನ್ನು ಮೊದಲು, ಮುಫ್ಲಿಹನದನ್ನು ಅದರ ಕೆಳಗೆ ಬರೆದೆ. ಮುಂದೊಂದು ದಿನ ಅಲೆಪ್ಪೊದವರ ಮೊಮ್ಮಕ್ಕಳು ಇವಳ ಬಾಗಿಲಿಗೇ ಬರಲಿ.

ಇಂದಿನ ಖರ್ಚು: ಶಾಯಿಗೆ ಅರ್ಧ ದಿರ್ಹಂ, ಸಕ್ಕರೆ ಬಾದಾಮಿಗೆ ಎರಡು. ಅದರಲ್ಲಿ ನಾನು ಒಂದನ್ನೂ ತಿನ್ನಲಿಲ್ಲ.