ಶೆಟ್ಟಿ ಅಂಗಡಿಗೆ ಇಳಿದ ರಾಜ

ಹೆಂಡತಿ ದಸರಾ ಗೊಂಬೆಗಳ ಟ್ರಂಕು ತೆಗೆದಳು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕುರ್ಚಿಯಲ್ಲಿದ್ದ ನನಗೆ ವಿದ್ವತ್ತು ಉಕ್ಕಿತು. “ರಾಣಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತೇನೇ?” ಎಂದು ಶುರುಮಾಡಿದೆ. ಅವಳು ಗೊಂಬೆ ಒರೆಸುತ್ತಲೇ ಇದ್ದಳು. ಒಂಬತ್ತು ಮೆಟ್ಟಿಲು ಜೋಡಿಸುವವರಿಗೆ ಪುರುಸೊತ್ತು ಎಲ್ಲಿರುತ್ತದೆ, ನೀವೇ ಹೇಳಿ.

ಈ ಚಟ ನನಗೆ ಅಂಟಿದ್ದು ವಿದ್ಯಾರಣ್ಯಪುರದ ಮಾವನಿಂದ. ನನ್ನ ಸೋದರತ್ತೆಯ ಗಂಡ, ಸಂಸ್ಕೃತದ ಮೇಷ್ಟ್ರು. ಗೊಂಬೆ ನೋಡಲು ಬಂದವರನ್ನೆಲ್ಲ ಹಿಡಿದು ಕೂರಿಸಿ ಪಾಠ ಹೇಳುತ್ತಿದ್ದರು. ರಾಜ್ಞಿ ಸವೆದು ರಾಣಿಯಾದಳಂತೆ. ಇಂಗ್ಲಿಷಿನ ಕ್ವೀನ್ ಮೊದಲು ಬರೀ ಹೆಂಗಸು, ಕಿರೀಟ ಆಮೇಲೆ ಬಂತಂತೆ. ಇಸ್ಪೀಟಿನಲ್ಲಿ ರಾಜನಿಗಿಂತ ಒಂದು ಮೆಟ್ಟಿಲು ಕೆಳಗೆ, ಕೇರಂನಲ್ಲಿ ಕೆಂಪು ಬಿಲ್ಲೆ, ಜೇನುಗೂಡಿನಲ್ಲಿ ಎಲ್ಲರ ತಾಯಿ. ಕೊನೆಗೆ, ಮಹಿಷಿ ಎಂದರೆ ಪಟ್ಟದ ರಾಣಿಯೂ ಹೌದು, ಎಮ್ಮೆಯೂ ಹೌದು ಎಂದು ತಾವೇ ನಗುತ್ತಿದ್ದರು. ಬಂದವರು ಅತ್ತೆಯ ಮುಖ ನೋಡಿ ನಗು ನುಂಗುತ್ತಿದ್ದರು. ಟ್ರಂಕು ಇಳಿಸುವುದು, ಗೊಂಬೆ ಒರೆಸುವುದು, ಮಕ್ಕಳಿಗೆ ಗೊಂಬೆ ಬಾಗಿನದ ತಿಂಡಿ ಮಾಡುವುದು, ಎಲ್ಲ ಅತ್ತೆಯ ಪಾಲು.

ಒಂದು ವರ್ಷ ಮೊದಲ ಸಂಜೆ ನೋಡಿದರೆ ಮೇಲಿನ ಮೆಟ್ಟಿಲಲ್ಲಿ ರಾಣಿ ಒಬ್ಬಳೇ. ಪಕ್ಕದಲ್ಲಿರಬೇಕಾದ ರಾಜ ಪೇಟ ಸಮೇತ ಕೆಳಗಿಳಿದು, ಶೆಟ್ಟಿ ಗೊಂಬೆಯ ಅಂಗಡಿ ಮುಂದೆ ಬೇಳೆ ಕೊಳ್ಳಲು ನಿಂತಿದ್ದ.

“ಏನೇ ಇದು? ಬಂದವರು ಏನಂದ್ಕೋತಾರೆ!” ಎಂದರು ಮಾವ.

“ಪಟ್ಟದ ಗೊಂಬೆ ನನ್ನ ಮದುವೇಲಿ ತೌರಿಂದ ಬಂದದ್ದು ಕಣ್ರೀ. ಎಲ್ಲಿಡಬೇಕು ಅಂತ ನಾನು ಹೇಳ್ತೀನಿ. ರಾಜ ಒಸಿ ಮನೆಕೆಲಸ ಕಲೀಲಿ, ಆಮೇಲೆ ಹತ್ತಿಸ್ತೀನಿ.”

ಬೀದಿಯವರೆಲ್ಲ ಬಂದು ರಾಜನನ್ನು ನೋಡಿ, ಮಾವನನ್ನೂ ನೋಡಿ ಹೋದರು. ಮೂರನೆಯ ದಿನಕ್ಕೆ ಪಾಠ ನಿಂತಿತು. ನಾಲ್ಕನೆಯ ದಿನ ಮಾವ ಅಡುಗೆಮನೆ ಹೊಕ್ಕು ಕೊಬ್ಬರಿ ಮಿಠಾಯಿ ಮಾಡಿದರು. ಅದು ಹಲ್ಲಿಗೆ ಅಂಟಿಕೊಂಡು ಮಕ್ಕಳಾದ ನಮ್ಮ ಮಾತೂ ನಿಂತಿತು. ಆದರೂ ರಾಜ ಎರಡು ಮೆಟ್ಟಿಲು ಹತ್ತಿದ. ಅಲ್ಲಿಂದ ದಿನವೂ ಓಡಿಬಂದು ಅವನು ಎಲ್ಲಿಗೆ ಬಂದ ಎಂದು ನೋಡುವುದೇ ನಮಗೆ ಹಬ್ಬ. ಆಯುಧಪೂಜೆಯ ದಿನ ಮಾವ ಪಾತ್ರೆಯನ್ನೆಲ್ಲ ಬೆಳಗಿಟ್ಟರು. ಸಂಜೆ ರಾಜ ರಾಣಿಯ ಪಕ್ಕದಲ್ಲಿದ್ದ. ಮಾವನ ಕಣ್ಣು ಒದ್ದೆಯಾಗಿತ್ತು. ಒಲೆಯ ಹೊಗೆ ಎಂದರು. ಮನೆಯಲ್ಲಿದ್ದದ್ದು ಗ್ಯಾಸ್ ಒಲೆ.

ಅವರಿಬ್ಬರೂ ಈಗಿಲ್ಲ. ನಮ್ಮ ಮನೆಯಿಂದ ಅತ್ತೆಯ ಜೊತೆ ಹೋದ ಆ ಗೊಂಬೆ ಜೋಡಿ ತಿರುಗಿ ನಮ್ಮಲ್ಲಿಗೇ ಬಂದಿದೆ. ಅವರನ್ನು ನೆನೆದು ಸಂಕಟವಾಯಿತು.

ತಲೆಯೆತ್ತಿದೆ. ಹೆಂಡತಿಯ ಕೈಯಲ್ಲಿ ಅದೇ ರಾಜ. ಅವಳು ನನ್ನನ್ನೊಮ್ಮೆ ನೋಡಿದಳು, ಕೆಳಗಿನ ಮೆಟ್ಟಿಲಲ್ಲಿದ್ದ ಶೆಟ್ಟಿ ಅಂಗಡಿಯನ್ನೊಮ್ಮೆ ನೋಡಿದಳು. ಅತ್ತೆಯ ಕಥೆಯನ್ನು ಅವಳಿಗೆ ಹೇಳಿದ ಜಾಣ ನಾನೇ.

“ಏನೋ ಹೇಳ್ತಿದ್ರಿ, ರಾಣಿ ಅಂದ್ರೆ?”

“ಏನಿಲ್ಲ ಕಣೆ,” ಎಂದು ಕುರ್ಚಿ ಬಿಟ್ಟೆದ್ದೆ. “ಅಟ್ಟದ ಮೇಲೆ ಇನ್ನೊಂದು ಟ್ರಂಕಿದೆಯಲ್ಲ, ಇಳಿಸ್ಲಾ?”